ಎದುರಾಳಿ ಕೆತ್ತಿಕೊಟ್ಟ ವೀರಗಲ್ಲು

ಮಡಕಶಿರಾ ಸೀಮೆಯಲ್ಲಿ ಅಮರಾಪುರದ ಕಡೆಯ ಒಂದು ಊರು. ಹೆಸರು ಬರೆಯುವುದಿಲ್ಲ, ಊರ ಮುಂದಿನ ಹಳೇ ಕಲ್ಲುಗಳನ್ನು ರಾತ್ರೋರಾತ್ರಿ ಟ್ರ್ಯಾಕ್ಟರಿಗೆ ಹಾಕಿಕೊಂಡು ಹೋಗುವ ಜನ ಇದ್ದಾರೆ. ಬಸ್ಸು ನಿಲ್ಲುವಲ್ಲಿ ಒಂದು ಬೇವಿನ ಮರ. ಮರದ ಬುಡಕ್ಕೆ ಒರಗಿದ ಹಾಗೆ ಎದೆಮಟ್ಟದ ಒಂದು ಕಪ್ಪು ಕಲ್ಲು. ಕಲ್ಲಿಗೆ ಮೂರು ಅಂಕಣ. ಕೆಳಗಿನದರಲ್ಲಿ ಒಬ್ಬ ಕಾದುತ್ತಿದ್ದಾನೆ. ಮೊಣಕಾಲಿನವರೆಗೆ ಮಣ್ಣಲ್ಲಿ ಹೂತುಹೋಗಿದ್ದಾನೆ, ಕತ್ತಿ ಎತ್ತಿದ ಕೈ ಮಾತ್ರ ಇನ್ನೂ ಮೇಲಿದೆ. ನಡುವಿನ ಅಂಕಣದಲ್ಲಿ ಅದೇ ಆಳನ್ನು ಇಬ್ಬರು ಹೆಂಗಸರು ಹೆಗಲು ಕೊಟ್ಟು ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ. ಮೇಲೆ ಲಿಂಗ, ಲಿಂಗದ ಮುಂದೆ ಅವನೇ ಕೈಮುಗಿದು ಕೂತಿದ್ದಾನೆ, ತಲೆಯ ಮೇಲೆ ಸೂರ್ಯ ಚಂದ್ರ. ಎಣ್ಣೆ ಕುಡಿದು ಕುಡಿದು ಮುಖವೆಲ್ಲ ನುಣ್ಣಗಾಗಿದೆ. ಮೂಗು ಎಲ್ಲಿದೆ ಎಂದು ಬೆರಳಿಗೆ ಗೊತ್ತಾಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ.

ಅರಿಶಿನದ ಬಟ್ಟಲು ಹಿಡಿದು ಬಂದ ಅಜ್ಜಿಯನ್ನು ಕೇಳಿದೆ: "ಇದು ಯಾರ್ದಜ್ಜಿ ಕಲ್ಲು?"

"ಈರಗಲ್ಲಪ್ಪ ಸಾಮಿ. ದನ ಹೊಡ್ಕೊಂಡು ಹೋಗಿದ್ರಂತೆ ಯಾರೋ. ಬಿಡಿಸ್ಕೊಂಬರಾಕೋಗಿ ಸತ್ತೋನಂತೆ."

"ಹೆಸರೇನು?"

"ಹೆಸ್ರು ಯಾರ್ಗೊತ್ತು. ಬರ್ದೈತಲ್ಲ ಅಲ್ಲಿ, ಓದಾಕೆ ಬರೋರು ಓದ್ಬೇಕು."

ಬರೆದಿರುವುದು ನಿಜ. ಎರಡು ಅಂಕಣಗಳ ನಡುವಿನ ಪಟ್ಟಿಯಲ್ಲಿ ಹಳಗನ್ನಡದ ಸಾಲುಗಳಿವೆ, ಎಣ್ಣೆಯ ಜಿಡ್ಡಿನ ಕೆಳಗೆ.

ರಾಯದುರ್ಗದವನಾದ ನನಗೆ ಇಂಥ ಕಲ್ಲು ಹೊಸದೇನಲ್ಲ. ನಾವು ಶೇಂಗಾ ಅನ್ನುವುದನ್ನು ಮಡಕಶಿರಾದವರು ಕಡ್ಲೆಕಾಯಿ ಅನ್ನುತ್ತಾರೆ, ನಮ್ಮ ಮಾತಿಗೆ ಬಳ್ಳಾರಿಯ ರಾಗ, ಅವರ ಮಾತಿಗೆ ಸಿರಾ ಪಾವಗಡದ ರಾಗ. ಅಷ್ಟು ಬಿಟ್ಟರೆ ಎರಡೂ ಕಡೆ ಕಥೆ ಒಂದೇ: ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತೆಲುಗು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು. ಮಡಕಶಿರಾ ಅದಕ್ಕೂ ಮುಂಚಿನಿಂದಲೇ ಅನಂತಪುರದ್ದು, ಕರ್ನಾಟಕದೊಳಕ್ಕೆ ನಾಲಗೆ ಚಾಚಿದ ಹಾಗೆ ಮಲಗಿರುವ ಸೀಮೆ. 2022ರಲ್ಲಿ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ನಾವು ಅನಂತಪುರದಲ್ಲೇ ಉಳಿದೆವು. ಹೀಗೆ ಗೆರೆಗಳು ಆಗಾಗ ಜಾಗ ಬದಲಿಸಿವೆ. ಕಲ್ಲು ಮಾತ್ರ ಇದ್ದಲ್ಲೇ ಇದೆ.

ಆ ಕಲ್ಲಿನ ಊರಿಂದ ಹೆಚ್ಚು ದೂರವಿಲ್ಲದ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು. ನೊಳಂಬರ ರಾಜಧಾನಿ. ನೊಳಂಬವಾಡಿ ಮೂವತ್ತೆರಡು ಸಾವಿರ ಎಂದು ಶಾಸನಗಳು ಕರೆಯುವ ನಾಡನ್ನು ಇಲ್ಲಿಂದ ಆಳಿದರು. ಇವತ್ತು ಹೋದರೆ ದೊಡ್ಡೇಶ್ವರನ ಗುಡಿಯ ಮುಂದೆ ಕರಿಕಲ್ಲಿನ ದೊಡ್ಡ ನಂದಿ ಕೂತಿದೆ, ಮೈಮೇಲಿನ ಗೆಜ್ಜೆಸರ ಈಗ ತಾನೇ ಕಟ್ಟಿದ ಹಾಗಿದೆ. ಸಿದ್ಧೇಶ್ವರನ ಗುಡಿಯಲ್ಲಿ ಶಿವ ಲಿಂಗವಾಗಿ ಇಲ್ಲ, ಮನುಷ್ಯನ ಹಾಗೆ ಕೂತಿದ್ದಾನೆ. ಗುಡಿಯ ಸುತ್ತ ಬಿದ್ದಿರುವ ಕಂಬ, ಕಿಟಕಿ, ಬಾಗಿಲುವಾಡದ ತುಂಡುಗಳನ್ನು ನೋಡಿದರೆ ಇಲ್ಲಿಂದ ಎಷ್ಟು ಹೋಗಿರಬಹುದು ಎಂದು ಲೆಕ್ಕ ಹಾಕುವ ಆಸೆಯಾಗುತ್ತದೆ. ಕೆಲವು ಚೆನ್ನೈನ ಎಗ್ಮೋರ್ ವಸ್ತುಸಂಗ್ರಹಾಲಯ ಸೇರಿವೆ. ಚೋಳರು ಗೆಲುವಿನ ಗುರುತಾಗಿ ಕಿತ್ತೊಯ್ದ ನೊಳಂಬ ಕಂಬಗಳು ಕಾವೇರಿ ದಡದ ತಿರುವೈಯಾರಿನ ದೇವಾಲಯದಲ್ಲಿ ಸಾಲಾಗಿ ನಿಂತಿವೆ. ಕಳೆದುಕೊಂಡವರ ಕೆತ್ತನೆಯ ಕೈಚಳಕವನ್ನು ಕಿತ್ತುಕೊಂಡವರು ಸಾವಿರ ವರ್ಷ ಜೋಪಾನ ಮಾಡಿದ್ದಾರೆ. ಇದನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ, ಆದರೆ ಮುಂದೆ ಹೇಳಲಿರುವ ಕಥೆಗೆ ಇದು ಬೇಕು.

ನೊಳಂಬರ ಹೆಸರು ಉಳಿದದ್ದೂ ಹೀಗೆಯೇ. ಒಂಬತ್ತನೇ ಶತಮಾನದ ಕೊನೆಯಲ್ಲಿ ಇಲ್ಲಿ ಆಳಿದ ಮಹೇಂದ್ರ ಈ ವಂಶದ ಗಟ್ಟಿ ಆಳು. ಅವನ ಕಾಲದ ಕನ್ನಡ ಶಾಸನ ತಮಿಳುನಾಡಿನ ಧರ್ಮಪುರಿಯವರೆಗೂ ಸಿಗುತ್ತದೆ. ಅವನನ್ನು ಕೊಂದವನು ಗಂಗರ ಎರೆಯಪ್ಪ. ಕೊಂದ ಮೇಲೆ ಎರೆಯಪ್ಪ ಹಾಕಿಕೊಂಡ ಬಿರುದು 'ಮಹೇಂದ್ರಾಂತಕ'. ಮುಂದೆ ಗಂಗರ ಮಾರಸಿಂಹ ನೊಳಂಬರ ಮನೆಯನ್ನೇ ತೊಳೆದುಹಾಕಿ 'ನೊಳಂಬಕುಲಾಂತಕ' ಎನ್ನಿಸಿಕೊಂಡ. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಮೇಲೆ ಅದನ್ನು ಕೆತ್ತಿಸಿದ್ದಾರೆ. ಚಿಕ್ಕಬೆಟ್ಟ ಹತ್ತಿ ಆ ಕಂಬದ ಮುಂದೆ ನಿಂತರೆ ನಮ್ಮ ಸೀಮೆಯ ಅರಸರ ಹೆಸರು ಅವರನ್ನು ಮುಗಿಸಿದವನ ಬಿರುದಿನೊಳಗೆ ಸಿಕ್ಕಿಕೊಂಡಿರುವುದು ಕಾಣುತ್ತದೆ.

ಈ ಯುದ್ಧಗಳ ಸಾಲಿನಲ್ಲಿಯೇ ಬರುವುದು ಬೇಗೂರಿನ ವೀರಗಲ್ಲು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ್ದು. 1865ರಲ್ಲಿ ಶುರುವಾದ ಆ ಸಂಗ್ರಹಕ್ಕೆ ಕಿರೀಟವಿದ್ದ ಹಾಗೆ ಈ ಕಲ್ಲು. ಸಾಮಾನ್ಯ ವೀರಗಲ್ಲಿನ ಮೂರು ಅಂಕಣದ ಶಿಸ್ತು ಇದಕ್ಕಿಲ್ಲ. ಇಡೀ ಕಲ್ಲೇ ಒಂದು ರಣರಂಗ. ಆನೆ, ಕುದುರೆ, ಕತ್ತಿ, ಗುರಾಣಿ, ಒಬ್ಬರ ಮೇಲೊಬ್ಬರು. ಒಕ್ಕಣೆ ಹೇಳುವುದಿಷ್ಟು: ಅಯ್ಯಪದೇವನಿಗೂ ವೀರಮಹೇಂದ್ರನಿಗೂ ಜಗಳ ಬಿದ್ದಾಗ ಅಯ್ಯಪದೇವನ ನೆರವಿಗೆ ಎರೆಯಪ್ಪ ತನ್ನ ನಾಗತ್ತರನನ್ನು ಪಡೆಯೊಡನೆ ಕಳಿಸಿದ. ತುಂಬೆಪಾಡಿಯಲ್ಲಿ ಆನೆಗಳ ನಡುವೆ ನುಗ್ಗಿ ಹೋರಾಡಿ ನಾಗತ್ತರ ಸತ್ತ. ಸುದ್ದಿ ಕೇಳಿ ಮೆಚ್ಚಿದ ಎರೆಯಪ್ಪ ಇರುಗ ಎಂಬವನಿಗೆ ನಾಗತ್ತರ ಪಟ್ಟ ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ಇಲ್ಲಿ ಬರುವ ಇಬ್ಬರಲ್ಲಿ ನೊಳಂಬ ಯಾರು, ವೀರಮಹೇಂದ್ರನೋ ಅಯ್ಯಪನೋ ಎಂದು ವಿದ್ವಾಂಸರು ನೂರು ವರ್ಷದಿಂದ ಜಗಳವಾಡುತ್ತಿದ್ದಾರೆ. ಹೆಂಜೇರಿನವನು ಆ ದಿನ ನಾಗತ್ತರನ ಗೆಳೆಯನೋ ಎದುರಾಳಿಯೋ ಅಂತೂ ತೀರ್ಮಾನವಾಗಿಲ್ಲ. ನಾಗತ್ತರನಿಗೆ ಅದರಿಂದ ನಷ್ಟವಿಲ್ಲ, ಅವನ ಹೆಸರು ಕಲ್ಲಿನಲ್ಲಿ ಸ್ಪಷ್ಟವಾಗಿದೆ.

ಅದೇ ಸಂಗ್ರಹದಲ್ಲಿ ಆತಕೂರಿನ ಕಲ್ಲೂ ಇದೆ. ತಕ್ಕೋಲದ ಯುದ್ಧ ಮುಗಿದ ಮೇಲೆ, ಕ್ರಿ.ಶ. 949–50ರ ಹೊತ್ತಿನದು. ಗಂಗ ಬೂತುಗನ ಕಡೆಯ ಮಣಲೆರ ಚೋಳರ ವಿರುದ್ಧ ಹೋರಾಡಿದ ರೀತಿಗೆ ಒಡೆಯ ಮೆಚ್ಚಿ ಬೇಕಾದ್ದು ಕೇಳು ಅಂದ. ಈ ಮನುಷ್ಯ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. 'ಕಾಳಿ' ಎಂಬ ನಾಯಿ ಕೊಡಿ ಅಂದ. ಆಮೇಲೆ ಆ ನಾಯಿ ಹಂದಿಯೊಂದರ ಮೇಲೆ ಬಿದ್ದು ಹಂದಿಯೂ ಸತ್ತು ನಾಯಿಯೂ ಸತ್ತಿತು. ಕಲ್ಲು ನಿಂತದ್ದು ನಾಯಿಗೆ, ಪೂಜೆಗೆ ಭೂಮಿ ಬಿಟ್ಟದ್ದೂ ನಾಯಿಗೆ. ಮಣಲೆರನ ಪರಾಕ್ರಮ ನಮಗೆ ಗೊತ್ತಾಗುವುದು ನಾಯಿಯ ಕಲ್ಲಿನ ಮೇಲಿನ ಬರಹದಿಂದ. ಪದಕಗಳ ಇತಿಹಾಸ ಬರೆಯುವವರು ಈ ಕಥೆಯಿಂದ ಶುರುಮಾಡಬೇಕು ಎಂದು ನನ್ನ ವಾದ.

ಆಗಿನವರ ಪದಕಪಟ್ಟಿಯೂ ಸಣ್ಣದಲ್ಲ. ಕತ್ತಿ ತೊಳೆದು ಕೊಡುವ ಭೂಮಿಗೆ ಬಾಳ್ಗಚ್ಚು ಎಂದರು. ಕಲ್ಲಿನ ಜೊತೆಗೆ ಬಿಟ್ಟ ಭೂಮಿಗೆ ಕಲ್ನಾಡು. ಸತ್ತವನ ಮನೆಯವರಿಗೆ ಬಿಟ್ಟ ಹೊಲಕ್ಕೆ ನೆತ್ತರುಗೊಡಗೆ. ಕೊನೆಯ ಮಾತನ್ನು ಒಮ್ಮೆ ಬಾಯಿಬಿಟ್ಟು ಹೇಳಿನೋಡಿ. ಪರಿಹಾರಧನ, ಎಕ್ಸ್‌ಗ್ರೇಷಿಯಾ ಎಂಬ ನಮ್ಮ ಪದಗಳೆಲ್ಲ ರಕ್ತವನ್ನು ಒರೆಸಿ ಇಟ್ಟ ಹಾಗಿವೆ.

ಇಷ್ಟೆಲ್ಲ ಕಲ್ಲುಗಳಿಗೂ ಒಂದು ಸಮಾನ ಅಂಶವಿದೆ. ಯಾರೋ ನೋಡಿದ್ದರು. ತುಂಬೆಪಾಡಿಯಿಂದ ತಿರುಗಿ ಬಂದವನೊಬ್ಬ ಎರೆಯಪ್ಪನ ಮುಂದೆ ನಿಂತು, ನಾಗತ್ತರ ಹೀಗೆ ನುಗ್ಗಿದ, ಹೀಗೆ ಬಿದ್ದ ಎಂದು ಹೇಳಿರಬೇಕು. ಹೇಳಿದ್ದಕ್ಕೇ ಪಟ್ಟ, ಹೇಳಿದ್ದಕ್ಕೇ ಹನ್ನೆರಡು ಊರು. ನಮ್ಮ ಕಾಲದಲ್ಲೂ ವ್ಯವಸ್ಥೆ ಬೇರೆಯಲ್ಲ: ಯುದ್ಧದಲ್ಲಿ ಶೌರ್ಯ ಪದಕಕ್ಕೆ ಶಿಫಾರಸು ಹೋಗಬೇಕಾದರೆ ಕಂಡವರ ಮಾತು ಬೇಕು, ದಂಡನಾಯಕನ ವರದಿ ಬೇಕು. ಹಾಗಾದರೆ ನೋಡಿದವರು ಒಬ್ಬರೂ ತಿರುಗಿ ಬರದಿದ್ದರೆ? ನೋಡಿದವನು ಒಬ್ಬನೇ, ಅವನೂ ಎದುರು ಪಾಳೆಯದವನಾದರೆ?

ಇದು ಅಜ್ಜಮಾಡ ಬೋಪಯ್ಯ ದೇವಯ್ಯನವರ ಕಥೆ. ಅಜ್ಜಮಾಡ ಎಂಬುದು ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು. 1932ರ ಡಿಸೆಂಬರ್ 24ರಂದು ಹುಟ್ಟಿದವರು. 1954ರಲ್ಲಿ ವಾಯುಪಡೆ ಸೇರಿದರು. 1965ರ ಸೆಪ್ಟೆಂಬರ್‌ನಲ್ಲಿ ಯುದ್ಧ ಬಂದಾಗ ಸ್ಕ್ವಾಡ್ರನ್ ಲೀಡರ್. ಹುಡುಗರಿಗೆ ಹಾರುವುದನ್ನು ಕಲಿಸುವ ಮೇಷ್ಟರ ಕೆಲಸದಲ್ಲಿದ್ದವರನ್ನು ಪಂಜಾಬಿನ ಆದಂಪುರದ ಒಂದನೇ ಸ್ಕ್ವಾಡ್ರನ್‌ಗೆ ಕಳಿಸಲಾಯಿತು. 'ಟೈಗರ್ಸ್' ಎಂದು ಹೆಸರಾದ ಪಡೆ, ವಿಂಗ್ ಕಮಾಂಡರ್ ಓ.ಪಿ. ತನೇಜಾ ಅದರ ಮುಖ್ಯಸ್ಥರು, ವಿಮಾನ ಫ್ರಾನ್ಸಿನ ಮಿಸ್ಟೇರ್.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ಮೇಲೆ ಬಿದ್ದು ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳನ್ನು ಸುಟ್ಟಿದ್ದವು. ಅದೇ ರಾತ್ರಿ ಆದಂಪುರ, ಹಲ್ವಾರಾ, ಪಠಾಣ್‌ಕೋಟ್‌ಗಳ ಸುತ್ತ ಪ್ಯಾರಾಚೂಟಿನಲ್ಲಿ ಕಮಾಂಡೋಗಳೂ ಇಳಿದರು. ಜೋಳದ ಹೊಲ, ಕಬ್ಬಿನ ಗದ್ದೆಗಳಲ್ಲಿ ಹುಡುಕಾಟ ನಡೆದಿದ್ದ ಹೊತ್ತಿನಲ್ಲೇ ಟೈಗರ್ಸ್ ಪಡೆಗೆ ಸಿಕ್ಕ ಆದೇಶ: ಬೆಳಕು ಹರಿಯುವ ಮೊದಲು ಸರ್ಗೋಧಾ. ಪಾಕಿಸ್ತಾನದ ವಾಯುಪಡೆಯ ಎದೆಗೂಡು ಅದು. ಮಿಸ್ಟೇರ್‌ಗೆ ಹೋಗಿ ಬರುವುದೇ ಕಷ್ಟ, ಇಂಧನ ಅಳೆದು ಸುರಿದಷ್ಟು. ದಾರಿಯಲ್ಲಿ ಯಾರಾದರೂ ಅಡ್ಡಗಟ್ಟಿದರೆ ಕಾದಾಡಿಕೊಂಡು ಕೂರುವಷ್ಟು ಎಣ್ಣೆ ಟ್ಯಾಂಕಿನಲ್ಲಿರುವುದಿಲ್ಲ.

ಹೋಗಬೇಕಾದ್ದು ಹನ್ನೆರಡು ವಿಮಾನ. ಜೊತೆಗೆ ಎರಡು ಬದಲಿ. ದೇವಯ್ಯನವರ ಹೆಸರಿದ್ದದ್ದು ಬದಲಿಯವರ ಪಟ್ಟಿಯಲ್ಲಿ. ಮದುವೆ ಊಟಕ್ಕೆ ಎರಡನೇ ಪಂಕ್ತಿಯಲ್ಲಿ ಕಾಯುವವರ ಹಾಗೆ, ಒಂದು ಎಲೆ ಖಾಲಿಯಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಸೆಪ್ಟೆಂಬರ್ 7ರ ನಸುಕಿನಲ್ಲಿ ಒಂದು ಜಾಗ ಖಾಲಿಯಾಯಿತು. ದೇವಯ್ಯ ಹೊರಟರು.

ದಾಳಿ ಮುಗಿಸಿ ತಿರುಗಿ ಬಂದವರನ್ನು ಆದಂಪುರದಲ್ಲಿ ಎಣಿಸಿದಾಗ ಒಬ್ಬರು ಕಡಿಮೆ. ಸರ್ಗೋಧಾದ ವಿಮಾನವಿರೋಧಿ ತೋಪಿಗೆ ಸಿಕ್ಕಿರಬೇಕು, ಇಂಧನ ತೀರಿರಬೇಕು ಎಂಬ ಊಹೆಗಳಾಚೆಗೆ ಏನೂ ಗೊತ್ತಾಗಲಿಲ್ಲ. ದಾಖಲೆಯಲ್ಲಿ ಬಿದ್ದ ಪದ 'ನಾಪತ್ತೆ'. ಸತ್ತರು ಎನ್ನಲು ದೇಹವಿಲ್ಲ, ಸೆರೆ ಸಿಕ್ಕರು ಎನ್ನಲು ಸುದ್ದಿಯಿಲ್ಲ. ತಾಷ್ಕೆಂಟಿನಲ್ಲಿ ಒಪ್ಪಂದವಾಯಿತು, ಸೆರೆಯಾಳುಗಳು ಮರಳಿದರು, ಅವರ ಪೈಕಿ ದೇವಯ್ಯ ಇರಲಿಲ್ಲ. 1971ರ ಯುದ್ಧವೂ ಆಗಿಹೋಯಿತು. ಕೊಡಗಿನ ಮನೆಗಳಲ್ಲಿ ಸೇನೆಗೆ ಹೋದವರ ಫೋಟೋ ಗೋಡೆಯ ಮೇಲೆ ಇರುವುದು ಸಾಮಾನ್ಯ. ನಾಪತ್ತೆಯಾದವನ ಫೋಟೋಗೆ ಹಾರ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದ ಮನೆ ಹೇಗಿದ್ದಿರಬಹುದು?

ಬಾಯಿ ಬಿಟ್ಟದ್ದು ಆ ಕಡೆಯವರು. 1965ರ ವೈಮಾನಿಕ ಯುದ್ಧದ ಬಗ್ಗೆ ಪಾಕಿಸ್ತಾನದ ನೆರವಿನೊಂದಿಗೆ ಪುಸ್ತಕ ಬರೆದವನು ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ. ಪುಸ್ತಕ ಬಂದದ್ದು 1979ರಲ್ಲಿ, ಹೆಸರು 'ಬ್ಯಾಟಲ್ ಫಾರ್ ಪಾಕಿಸ್ತಾನ್'. ಪಾಕಿಸ್ತಾನದ ಪರವಾಗಿ ಬರೆದ ಪುಸ್ತಕವೆಂದು ನಮ್ಮಲ್ಲಿ ಅದನ್ನು ಮೂಗು ಮುರಿದೇ ಓದಿದರು. ಅದರೊಳಗೆ ಸೆಪ್ಟೆಂಬರ್ 7ರ ಬೆಳಗಿನ ಒಂದು ಪ್ರಸಂಗವಿತ್ತು. ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ತನ್ನ ಸ್ಟಾರ್‌ಫೈಟರ್ ವಿಮಾನದಲ್ಲಿ, ಸರ್ಗೋಧಾದಿಂದ ಮರಳುತ್ತಿದ್ದ ಒಂದು ಮಿಸ್ಟೇರ್‌ನ ಬೆನ್ನು ಹತ್ತಿದ. ಹೊಡೆದ. ಏಟು ತಿಂದ ಮಿಸ್ಟೇರ್ ಓಡಲಿಲ್ಲ, ತಿರುಗಿಬಿತ್ತು. ಕೊನೆಗೆ ಸ್ಟಾರ್‌ಫೈಟರ್ ಕೈತಪ್ಪಿ, ಅಮ್ಜದ್ ವಿಮಾನದಿಂದ ಹೊರಕ್ಕೆ ಹಾರಿ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡ.

ಇದರ ಅರ್ಥ ಗೊತ್ತಾಗಬೇಕಾದರೆ ಎರಡು ವಿಮಾನಗಳನ್ನು ಅಕ್ಕಪಕ್ಕ ನಿಲ್ಲಿಸಿ ನೋಡಬೇಕು. ಸ್ಟಾರ್‌ಫೈಟರ್ ಅಮೆರಿಕದ್ದು, ಶಬ್ದದ ವೇಗದ ಇಮ್ಮಡಿ ಓಡುವಂಥದ್ದು, ಶಾಖದ ಜಾಡು ಹಿಡಿದು ಹೋಗುವ ಸೈಡ್‌ವೈಂಡರ್ ಕ್ಷಿಪಣಿ ಹೊತ್ತದ್ದು. ಆ ಯುದ್ಧದಲ್ಲಿ ಅದರ ಹೆಸರು ಕೇಳಿದರೇ ಎದೆ ಝಲ್ಲೆನ್ನಬೇಕು ಎಂದೇ ಅದನ್ನು ತರಿಸಿದ್ದು. ಮಿಸ್ಟೇರ್ ಸಮತಟ್ಟಾಗಿ ಹಾರಿದರೆ ಶಬ್ದದ ವೇಗವನ್ನೂ ಮುಟ್ಟದು, ಅದಕ್ಕಿದ್ದದ್ದು ಎರಡು ಫಿರಂಗಿ. ಎತ್ತರದಲ್ಲಿ, ಬಯಲಿನಲ್ಲಿ ಇವೆರಡಕ್ಕೂ ಹೋಲಿಕೆಯೇ ಇಲ್ಲ. ಆದರೆ ಮರದ ತುದಿಯ ಮಟ್ಟದಲ್ಲಿ, ದಟ್ಟ ಗಾಳಿಯಲ್ಲಿ ಲೆಕ್ಕ ಬೇರೆ. ಸ್ಟಾರ್‌ಫೈಟರ್‌ನ ರೆಕ್ಕೆ ಮೊಂಡು, ತೆಳು. ತಿರುಗಬೇಕಾದರೆ ಅದಕ್ಕೆ ದೊಡ್ಡ ಸುತ್ತು ಬೇಕು. ಮಿಸ್ಟೇರ್ ಸಣ್ಣ ಸುತ್ತಿನಲ್ಲಿ ತಿರುಗಿಬಿಡುತ್ತದೆ. ವೇಗದವನು ವೇಗ ಬಿಟ್ಟು ತಿರುಗಾಟಕ್ಕೆ ಇಳಿದರೆ ನಿಧಾನದವನ ಕೈಗೆ ಸಿಕ್ಕ ಹಾಗೆ. ಮೇಷ್ಟರಾಗಿದ್ದ ದೇವಯ್ಯನವರಿಗೆ ಇದು ಬಾಯಿಪಾಠದ ಮಾತು.

ಗೊತ್ತಿರುವುದು ಬೇರೆ, ಮಾಡುವುದು ಬೇರೆ. ವಿಮಾನಕ್ಕೆ ಗುಂಡು ಬಿದ್ದಿದೆ. ಇಂಧನ ಮನೆ ಮುಟ್ಟುವಷ್ಟಿದ್ದರೆ ಪುಣ್ಯ. ಜೊತೆಗಾರರು ಮುಂದೆ ಹೋಗಿಬಿಟ್ಟಿದ್ದಾರೆ. ತಿರುಗಿ ನಿಂತು ಕಾದಿದರೆ ಗೆದ್ದರೂ ಆದಂಪುರ ಸಿಗುವುದಿಲ್ಲ. ಇಷ್ಟು ಲೆಕ್ಕ ಅವರ ತಲೆಯಲ್ಲಿ ಬಂದಿರಲೇಬೇಕು, ಲೆಕ್ಕದಲ್ಲಿ ಅವರು ಹುಷಾರು. ಆದರೂ ತಿರುಗಿದರು. ಅವರಿಗೆ ಆಗ ಮೂವತ್ತೆರಡು ವರ್ಷ.

ಒಡೆದು ಚೂರಾದ ಮಿಸ್ಟೇರ್‌ನ ತುಣುಕು ತಗುಲಿ ಸ್ಟಾರ್‌ಫೈಟರ್ ಬಿತ್ತು ಎಂಬ ಇನ್ನೊಂದು ವಾದವೂ ಗಡಿಯಾಚೆ ಓಡಾಡುತ್ತದೆ. ಬೇಗೂರು ಕಲ್ಲಿನ ನೊಳಂಬನ ಹಾಗೆ ಇದಕ್ಕೂ ಜಗಳ ಇರಲಿ. ಅಮ್ಜದ್‌ಗೆ ಅವರ ಸರ್ಕಾರ ಸಿತಾರಾ-ಎ-ಜುರತ್ ಕೊಟ್ಟಿತು. 1971ರಲ್ಲಿ ಅವನು ಅಮೃತಸರದ ಮೇಲೆ ನಮ್ಮ ತೋಪಿನವರ ಗುಂಡಿಗೆ ಸಿಕ್ಕಿ ಮತ್ತೆ ವಿಮಾನ ಕಳೆದುಕೊಂಡು ಸೆರೆಯಾದ, ಯುದ್ಧ ಮುಗಿದ ಮೇಲೆ ಮನೆಗೆ ಹೋದ. ನಾಪತ್ತೆಯಾದ ಕೊಡಗಿನವನ ಕಥೆಯ ಒಬ್ಬನೇ ಸಾಕ್ಷಿ ಅಷ್ಟು ದಿನ ನಮ್ಮದೇ ಕಾವಲಿನಲ್ಲಿದ್ದ. ನಮ್ಮವರಿಗೆ ಕೇಳಬೇಕಾದ ಪ್ರಶ್ನೆಯೇ ಗೊತ್ತಿರಲಿಲ್ಲ.

ಫ್ರಿಕರ್‌ನ ಪುಸ್ತಕ ಓದಿದ ಮೇಲೆ ನಮ್ಮ ಕಡೆ ಲೆಕ್ಕ ಹಾಕಿದರು. ಆ ಬೆಳಿಗ್ಗೆ ಆ ದಾಳಿಯಿಂದ ತಿರುಗಿ ಬರದ ಮಿಸ್ಟೇರ್ ಒಂದೇ. ಹಾಗಾದರೆ ಅಮ್ಜದ್‌ನನ್ನು ಬೀಳಿಸಿದ ಪೈಲಟ್ ಬೇರೆ ಯಾರೂ ಆಗಿರಲಾರ. ತನೇಜಾ ನಿವೃತ್ತರಾಗಿದ್ದರೂ ತಮ್ಮ ಹುಡುಗನ ಪರವಾಗಿ ಕಾಗದ ಬರೆದರು. 1988ರಲ್ಲಿ, ಸತ್ತ 23 ವರ್ಷಕ್ಕೆ, ದೇವಯ್ಯನವರಿಗೆ ಮಹಾವೀರ ಚಕ್ರ ಘೋಷಣೆಯಾಯಿತು. ಯುದ್ಧಕಾಲದ ಶೌರ್ಯಕ್ಕೆ ಪರಮವೀರ ಚಕ್ರದ ನಂತರದ ಪದಕ ಅದು: ಬೆಳ್ಳಿಯ ಐದು ಮೊನೆಯ ನಕ್ಷತ್ರ, ಅರ್ಧ ಬಿಳಿ ಅರ್ಧ ಕೇಸರಿಯ ಪಟ್ಟಿ. ಸ್ವೀಕರಿಸಿದವರು ಅವರ ಪತ್ನಿ.

ಕೊಡಗಿಗೆ ಸೈನಿಕರ ಪ್ರತಿಮೆ ಹೊಸದಲ್ಲ. ಮಡಿಕೇರಿಯಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಇದ್ದಾರೆ, ಜನರಲ್ ತಿಮ್ಮಯ್ಯ ಇದ್ದಾರೆ. ತಿಮ್ಮಯ್ಯನವರ 'ಸನ್ನಿ ಸೈಡ್' ಮನೆ 2021ರಿಂದ ವಸ್ತುಸಂಗ್ರಹಾಲಯವೇ ಆಗಿದೆ. ಆ ಸಾಲಿಗೆ ದೇವಯ್ಯನವರ ಪ್ರತಿಮೆಯೂ, ಅವರ ಹೆಸರಿನ ವೃತ್ತವೂ ಸೇರಿದವು. ಬಸ್ಸಿಳಿದು ಬರುವವರಿಗೆ ಎದುರಾಗುವ ಜಾಗ. ಮಳೆಗಾಲದಲ್ಲಿ ಪ್ರತಿಮೆಯ ಮೇಲೆ ಮಂಜು ಇಳಿದಿರುತ್ತದೆ, ಪಕ್ಕದಲ್ಲೇ ಕೊಡೆ ಹಿಡಿದ ಜನ ಬಸ್ಸಿಗೆ ಕಾಯುತ್ತಿರುತ್ತಾರೆ. ವೀರಗಲ್ಲು ಬಸ್‌ಸ್ಟ್ಯಾಂಡಿನ ಬಳಿ ಇರಬೇಕೆಂಬ ಪದ್ಧತಿ ಕೊಡಗಿಗೂ ಬಂತೇ ಎಂದು ನಮ್ಮ ಅಮರಾಪುರದ ಬೇವಿನ ಮರ ನೆನಪಾಗುತ್ತದೆ.

2025ರ ಜನವರಿಯಲ್ಲಿ ಹಿಂದಿಯಲ್ಲಿ 'ಸ್ಕೈ ಫೋರ್ಸ್' ಸಿನಿಮಾ ಬಂತು. ಕಥೆ ಸರ್ಗೋಧಾ ದಾಳಿಯದೇ, ದೇವಯ್ಯನವರದೇ. ತೆರೆಯ ಮೇಲಿನ ಪಾತ್ರದ ಹೆಸರು ಮಾತ್ರ ಟಿ. ಕೃಷ್ಣ ವಿಜಯ. ಕೊಡಗಿನಲ್ಲಿ ಜನ ಬೇಸರಪಟ್ಟರು, ಅದು ಸಹಜ. 23 ವರ್ಷ ನಾಪತ್ತೆಯಾಗಿದ್ದವನನ್ನು ಹುಡುಕಿ ತಂದ ಮೇಲೆ ಮತ್ತೆ ಹೆಸರು ಬದಲಿಸಿ ಕಳಿಸಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಶತ್ರುವಿನ ಪರವಾಗಿ ಬಂದ ಪುಸ್ತಕದಿಂದ ಸಿಕ್ಕ ಹೆಸರು ನಮ್ಮವರ ಸಿನಿಮಾದಲ್ಲಿ ಸಿಗಲಿಲ್ಲ.

ದೆಹಲಿಯ ಇಂಡಿಯಾ ಗೇಟ್ ಹತ್ತಿರ 2019ರಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ 'ತ್ಯಾಗ ಚಕ್ರ' ಎಂಬ ಗೋಡೆಗಳ ಸುತ್ತು ಇದೆ. ಒಂದೊಂದು ಗ್ರಾನೈಟ್ ಫಲಕ ಒಬ್ಬೊಬ್ಬ ಯೋಧನದು. ಹೆಸರು, ದರ್ಜೆ, ಪಡೆ. ಫಲಕಗಳು ಸುಮಾರು ಇಪ್ಪತ್ತಾರು ಸಾವಿರ. ಚಿತ್ರವಿಲ್ಲ, ಅಪ್ಸರೆಯರಿಲ್ಲ, ಸೂರ್ಯ ಚಂದ್ರರಿಲ್ಲ. ಮೊದಲು ನೋಡಿದಾಗ ಒಣ ಅನ್ನಿಸುತ್ತದೆ. ಆಮೇಲೆ ಜನ ಫಲಕದಿಂದ ಫಲಕಕ್ಕೆ ಬೆರಳು ಸವರಿಕೊಂಡು ತಮ್ಮವನನ್ನು ಹುಡುಕುವುದು ಕಾಣುತ್ತದೆ. ಸಿಕ್ಕ ಕೂಡಲೇ ಬೆರಳು ನಿಲ್ಲುತ್ತದೆ. ಹೆಸರೊಂದಿದ್ದರೆ ಸಾಕು ಎಂದು ಆಗ ಅನ್ನಿಸಿತು.

ನಮ್ಮ ಕಡೆಗೂ ಅಂಥ ಹೆಸರು ಇತ್ತೀಚೆಗೆ ಬಂತು. 2025ರ ಮೇ ತಿಂಗಳಲ್ಲಿ ಜಮ್ಮು-ಕಾಶ್ಮೀರದ ನಿಯಂತ್ರಣ ರೇಖೆಯ ಬಳಿ ಪಾಕಿಸ್ತಾನದ ಗುಂಡಿನ ದಾಳಿಯಲ್ಲಿ ಸತ್ತ ಅಗ್ನಿವೀರ ಮುರಳಿ ನಾಯಕ್ ಇದೇ ಸತ್ಯಸಾಯಿ ಜಿಲ್ಲೆಯ ಗೋರಂಟ್ಲ ಮಂಡಲದ ಕಲ್ಲಿತಾಂಡಾದವರು. ಆ ವಾರ ನಮ್ಮ ಸೀಮೆಯ ಸರ್ಕಲ್ಲುಗಳಲ್ಲೆಲ್ಲ ಫ್ಲೆಕ್ಸ್ ಎದ್ದವು. ಬೇಸಿಗೆಯ ಬಿಸಿಲಿಗೆ ಫ್ಲೆಕ್ಸಿನ ಬಣ್ಣ ಎಷ್ಟು ದಿನ ತಡೆಯುತ್ತದೆ ಎಂಬುದು ಅಂಗಡಿ ಇಟ್ಟವರಿಗೆಲ್ಲ ಗೊತ್ತು. ಮೊದಲು ಕೆಂಪು ಹೋಗುತ್ತದೆ, ಆಮೇಲೆ ಹಳದಿ, ಕೊನೆಗೆ ನೀಲಿಯ ಒಂದು ನೆರಳು ಉಳಿಯುತ್ತದೆ.

ಈ ಬರಹಕ್ಕಾಗಿ ಎರಡನೇ ಸಲ ಅಮರಾಪುರದ ಕಡೆಗೆ ಹೋದೆ. ಜೊತೆಗೆ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಒಬ್ಬ ಮೇಷ್ಟರು, ಹಳೇ ಲಿಪಿ ಓದುವುದು ಅವರ ಹುಚ್ಚು. ಒಂದು ಬಿಂದಿಗೆ ನೀರು, ತೆಂಗಿನ ನಾರು, ಸೀಗೆಪುಡಿ. ಅಜ್ಜಿಯ ಅಪ್ಪಣೆ ಕೇಳಿದ ಮೇಲೆಯೇ ಕೈ ಹಚ್ಚಿದ್ದು. ಮೇಷ್ಟರು ಪಟ್ಟಿಯ ಜಿಡ್ಡನ್ನು ಮೆಲ್ಲಗೆ ಬಿಡಿಸಿದರು, ನಾರು ಕಲ್ಲಿಗೆ ಗೀರದ ಹಾಗೆ, ಮಗುವಿನ ತಲೆ ತೊಳೆಯುವ ಹಾಗೆ. ಆಮೇಲೆ ಅಂಗೈಯಲ್ಲಿ ಸೀಮೆಸುಣ್ಣದ ಪುಡಿ ಹಾಕಿಕೊಂಡು ಒರೆಸಿದರು. ಅಕ್ಷರಗಳು ಒಂದೊಂದೇ ಬೆಳ್ಳಗೆ ಎದ್ದವು. ಬಿಸಿಲು ಅಡ್ಡಲಾಗಿ ಬೀಳುವವರೆಗೆ ಕಾಯಬೇಕಾಯಿತು. ನಾಲ್ಕೂವರೆಗೆ ಮೇಷ್ಟರು ಕಲ್ಲಿಗೆ ಮೂಗು ತಾಕುವಷ್ಟು ಬಾಗಿ ಓದಿದರು: "ಕಾದಿ ಸತ್ತ". ಅದರ ಹಿಂದೆ ಹೆಸರಿರಬೇಕಾದ ಜಾಗದಲ್ಲಿ ಕಲ್ಲಿನ ಚಕ್ಕೆ ಎದ್ದುಹೋಗಿದೆ. ಮುಂದೆ ಇನ್ನೂ ಎರಡು ಅಕ್ಷರ, ಆಮೇಲೆ ಏನೂ ಕಾಣದು.

ಅಜ್ಜಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು.

"ಹೆಸ್ರು ಸಿಕ್ತಾ ಸಾಮಿ?"

"ಇಲ್ಲಜ್ಜಿ. ಒಡೆದುಹೋಗೈತೆ."

"ಸಿಗ್ದಿದ್ರೆ ಬಿಡು. ಮೈ ತೊಳ್ದಂಗಾಯ್ತಲ್ಲ," ಅಂದಳು. ಎದ್ದು ಬಂದು, ಮೇಷ್ಟರನ್ನು ಮೊಣಕೈಯಲ್ಲಿ ಪಕ್ಕಕ್ಕೆ ಸರಿಸಿ, ಬಟ್ಟಲಿನ ಎಣ್ಣೆಯನ್ನು ಕಲ್ಲಿನ ನೆತ್ತಿಗೆ ಸುರಿದಳು. ಎಣ್ಣೆ ಸೂರ್ಯ ಚಂದ್ರರನ್ನು ದಾಟಿ, ಲಿಂಗದ ಮೇಲಿಂದ ಇಳಿದು, ನಾವು ಅಷ್ಟು ಹೊತ್ತು ಬಿಳುಪು ಮಾಡಿದ್ದ ಅಕ್ಷರಗಳ ಮೇಲೆ ನಿಧಾನವಾಗಿ ಹರಿಯಿತು.